ಒಂಬತ್ತು ಮೆಟ್ಟಿಲಿನ ಮನೆ

ನಾನು ಓದು ನಿಲ್ಲಿಸಿದ್ದು ೧೯೯೬ರಲ್ಲಿ, ಎಂಟನೇ ಕ್ಲಾಸಿನ ದಸರಾ ರಜೆಯಲ್ಲಿ. ನಿಲ್ಲಿಸಬೇಕು ಅಂತ ಯಾರೂ ತೀರ್ಮಾನ ಮಾಡಿರಲಿಲ್ಲ. ರಜೆಯಲ್ಲಿ ಬೀದಿ ಸುತ್ತಬೇಡ ಅಂತ ಅಪ್ಪ ನನ್ನನ್ನು ಜರಗನಹಳ್ಳಿಯ ಒಬ್ಬ ಮರಗೆಲಸದ ಮೇಸ್ತ್ರಿ ಹತ್ತಿರ ಬಿಟ್ಟರು. ರಜೆ ಮುಗಿಯಿತು, ಶಾಲೆ ಶುರುವಾಯಿತು, ನಾನು ಅಲ್ಲೇ ಉಳಿದುಬಿಟ್ಟೆ. ಹಲಗೆ ನುಣುಪು ಮಾಡುವಾಗ ಸುರುಳಿ ಸುರುಳಿಯಾಗಿ ಏಳುವ ಸಿಪ್ಪೆಯ ವಾಸನೆ ನನ್ನನ್ನು ಹಿಡಿದುಕೊಂಡಿತು. ಲೆಕ್ಕದ ಮೇಷ್ಟರು ಒಂದು ದಿನ ದಾರಿಯಲ್ಲಿ ಸಿಕ್ಕಿ, "ಯಾಕೋ ಬರ್ತಿಲ್ಲ?" ಅಂದರು. "ಬರ್ತೀನಿ ಸಾರ್" ಅಂದೆ. ಹೋಗಲಿಲ್ಲ.

ಮುಂದಿನ ವರ್ಷ ಅದೇ ಮೇಸ್ತ್ರಿ ಹತ್ತಿರ ಇನ್ನೊಬ್ಬ ಬಂದು ಸೇರಿದ. ಈ ಬರಹದಲ್ಲಿ ಅವನೇ ಹೆಚ್ಚು ಬರುತ್ತಾನೆ, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ: ಅವನ ಕೈ ನನ್ನ ಕೈಯಷ್ಟು ಚೆನ್ನಾಗಿಲ್ಲ. ಹೊಟ್ಟೆಕಿಚ್ಚಿಗೆ ಹೇಳುತ್ತಿದ್ದಾನೆ ಅನ್ನಿಸಿದರೆ ಅನ್ನಿಸಲಿ. ಹೊಟ್ಟೆಕಿಚ್ಚು ಇರುವುದು ನಿಜ, ಮಾತೂ ನಿಜ. ಅವನು ಕೂಡಿಸಿದ ಮೂಲೆಯಲ್ಲಿ ಬೆಳಕು ಕಾಣುತ್ತಿತ್ತು. ನನ್ನ ಮೂಲೆಯಲ್ಲಿ ಬ್ಲೇಡು ಹೋಗುತ್ತಿರಲಿಲ್ಲ. ಮೇಸ್ತ್ರಿಯೇ ಹತ್ತು ಜನರ ಎದುರಿಗೆ ಹೇಳಿದ್ದಾರೆ.

ಮೇಸ್ತ್ರಿ ಇನ್ನೊಂದು ಮಾತನ್ನೂ ಹೇಳುತ್ತಿದ್ದರು. ಎಷ್ಟೇ ಚಿಕ್ಕ ಕೆಲಸಕ್ಕೆ ಕರೆದರೂ ಹೋಗು, ಇವತ್ತು ಚಿಲಕ ಹಾಕಿಸಿದವರು ನಾಳೆ ಬಾಗಿಲು ಮಾಡಿಸ್ತಾರೆ, ನಾಡಿದ್ದು ಮನೆ ಕಟ್ಟುವಾಗ ನಿನ್ನನ್ನೇ ಕರೀತಾರೆ ಅಂತ. ನಾನು ಅದನ್ನು ದೇವರ ಮಾತು ಅಂತ ನಂಬಿದೆ. ಅವರನ್ನು ಬಿಟ್ಟು ಸ್ವಂತಕ್ಕೆ ಕೆಲಸ ಶುರು ಮಾಡಿದ ಮೇಲೆ ಬನಶಂಕರಿ, ಜಯನಗರ, ಬಿಟಿಎಂ ಅಂತ ಸ್ಕೂಟರಿನಲ್ಲಿ ಸುತ್ತಿದ್ದೇ ಸುತ್ತಿದ್ದು. ಮಳೆಗಾಲದಲ್ಲಿ ಉಬ್ಬಿಕೊಂಡ ಬಾಗಿಲು, ಮುರಿದ ಮಂಚದ ಕಾಲು, ಕರ್ಟನ್ ರಾಡು, ಗೋಡೆ ಗಡಿಯಾರ. ನನಗೆ ದೊಡ್ಡ ಕೆಲಸ ಮಾಡಲು ಬರಲ್ಲ ಅಂತಲ್ಲ. ಬೇರೆಯವರ ಸೈಟಿನಲ್ಲಿ ದಿನಗೂಲಿಗೆ ಹೋಗಿ ಎಷ್ಟೋ ಅಡುಗೆಮನೆ ಮಾಡಿದ್ದೇನೆ. ಆದರೆ ಅವು ಯಾವುದೂ ನನ್ನದು ಅಂತ ಹೇಳಿಕೊಳ್ಳುವ ಹಾಗಿಲ್ಲ. ನನ್ನನ್ನೇ ಕರೆದು, ನನ್ನ ಕೈಗೇ ಬಿಟ್ಟು, ಇದು ಇಂಥವನು ಮಾಡಿದ್ದು ಅಂತ ನಾಲ್ಕು ಜನಕ್ಕೆ ತೋರಿಸುವಂಥ ಒಂದು ಮನೆ ಬೇಕಿತ್ತು. ಅದು ತ್ಯಾಗರಾಜನಗರದ ಒಂದು ಮನೆಯಿಂದ ಬರುತ್ತದೆ ಅಂತ ಕಾದಿದ್ದೆ.

ಆ ಮನೆಯಲ್ಲಿ ಇದ್ದವರು ಇಬ್ಬರು. ಬ್ಯಾಂಕಿನಿಂದ ರಿಟೈರ್ ಆದ ಯಜಮಾನರು, ಮತ್ತು ಸ್ಕೂಲಿನಲ್ಲಿ ಟೀಚರ್ ಆಗಿದ್ದ ಅವರ ಹೆಂಡತಿ, ನಾನು ಅಮ್ಮ ಅನ್ನುತ್ತಿದ್ದವರು. ಮೊದಲ ಸಲ ಹೋದದ್ದು ಅಡುಗೆಮನೆ ಕಪಾಟಿನ ಬಾಗಿಲು ಜೋತುಬಿದ್ದಿದೆ ಅಂತ. ಹತ್ತು ನಿಮಿಷದ ಕೆಲಸ. ಹೊರಡುವಾಗ ಅಮ್ಮ ಕೇಳಿದರು, "ಗೊಂಬೆ ಕೂರಿಸಕ್ಕೆ ಮೆಟ್ಟಿಲು ಮಾಡಿಕೊಡ್ತೀಯೇನಪ್ಪ? ಪ್ರತಿ ವರ್ಷ ಟ್ರಂಕು, ಸ್ಟೂಲು ಜೋಡಿಸಿ ಜೋಡಿಸಿ ಸಾಕಾಗಿದೆ. ಹಬ್ಬ ಆದ್ಮೇಲೆ ಬಿಚ್ಚಿ ಅಟ್ಟಕ್ಕೆ ಹಾಕೋ ಹಾಗಿರಬೇಕು."

ಹಿತ್ತಲಲ್ಲಿ ಅವರ ಅತ್ತೆ ಕಾಲದ ಎರಡು ಹೊನ್ನೆ ಮರದ ಮಂಚ ಬಿದ್ದಿದ್ದವು. ಅವನ್ನೇ ಕೊಯ್ದು ಒಂಬತ್ತು ಮೆಟ್ಟಿಲು ಮಾಡಿದೆ. ಹಳೇ ಹಲಗೆ, ಒಂದರ ಹಾಗೆ ಇನ್ನೊಂದಿಲ್ಲ. ಒಂದೊಂದಕ್ಕೂ ಅದರದೇ ಜಾಗ, ಅದರದೇ ತೂತು. ಅದಲು ಬದಲಾದರೆ ಬೋಲ್ಟು ಕೂರುವುದಿಲ್ಲ, ಕೂತರೂ ಅಲ್ಲಾಡುತ್ತದೆ. ಯಾವುದು ಎಲ್ಲಿಗೆ ಅಂತ ಗೊತ್ತಾಗಲು ಹಲಗೆಯ ಅಡಿಯಲ್ಲಿ ಉಳಿಯಿಂದ ಗುರುತು ಹಾಕಿದೆ. ಒಂದು, ಎರಡು, ಮೂರು ಅಂತ ಬರೆಯಬಹುದಿತ್ತು. ಅಷ್ಟು ಓದಿದ್ದೇನೆ. ಬೇಕೆಂದೇ ಬರೆಯಲಿಲ್ಲ. ಒಂದಕ್ಕೆ ಅಡ್ಡ ಗೀಟು, ಒಂದಕ್ಕೆ ಅರ್ಧಚಂದ್ರ, ಒಂದಕ್ಕೆ ಕೋಳಿ ಕಾಲು, ಹೀಗೆ ಮನಸ್ಸಿಗೆ ಬಂದದ್ದನ್ನೆಲ್ಲ ಹಾಕಿದೆ. ಕ್ರಮ ನನ್ನ ತಲೆಯಲ್ಲಿ ಮಾತ್ರ. ಪ್ರತಿ ವರ್ಷ ಕಟ್ಟಬೇಕು ಅಂದರೆ ನಾನೇ ಬರಬೇಕು, ಮನೆ ಕೈಬಿಟ್ಟು ಹೋಗುವುದಿಲ್ಲ ಅನ್ನುವ ಲೆಕ್ಕಾಚಾರ. ಅದು ಮೋಸ ಅಂತ ಆಗ ಅನ್ನಿಸಲಿಲ್ಲ. ಬುದ್ಧಿವಂತಿಕೆ ಅಂತಲೇ ಅನ್ನಿಸಿತ್ತು.

ಹನ್ನೆರಡು ವರ್ಷ ಅದು ನಡೆಯಿತು. ಮಹಾಲಯ ಅಮಾವಾಸ್ಯೆಗೆ ಎರಡು ದಿನ ಮುಂಚೆ ಫೋನು ಬರುತ್ತಿತ್ತು. "ಯಾವಾಗ ಬರ್ತೀಯಪ್ಪ?" ಅಷ್ಟೇ ಮಾತು. ಹೋಗಿ ಅಟ್ಟದಿಂದ ಇಳಿಸಿ, ಒರೆಸಿ, ಕಟ್ಟಿಕೊಡುತ್ತಿದ್ದೆ. ಅಮ್ಮ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು, ಮೆಟ್ಟಿಲಿಗೆ ಹಾಸುವ ಬಿಳಿ ಪಂಚೆ ಮಡಿಸುತ್ತಾ ಕೂತಿರುತ್ತಿದ್ದರು. ವಿಜಯದಶಮಿ ಕಳೆದ ಮೇಲೆ ಇನ್ನೊಂದು ಫೋನು, ಬಿಚ್ಚಲು. ನಡುವೆ ವರ್ಷಕ್ಕೆ ನಾಲ್ಕೈದು ಸಲ ಚಿಲಕ, ಕೀಲು. ನನ್ನ ಹೆಂಡತಿ ನವರಾತ್ರಿಯಲ್ಲಿ ಒಂದು ಸಂಜೆ ಆ ಮನೆಗೆ ಅರಿಶಿನ ಕುಂಕುಮಕ್ಕೆ ಹೋಗುತ್ತಿದ್ದಳು. ಅಲ್ಲಿಂದ ತಂದ ಕಡಲೆ ಉಸಲಿ ತಿನ್ನುತ್ತಾ ನಾನು, "ಇದು ನಮ್ಮ ಮನೆ ಇದ್ದ ಹಾಗೆ ಕಣೇ" ಅನ್ನುತ್ತಿದ್ದೆ.

ಹೋದ ವರ್ಷ ಯುಗಾದಿ ಆದ ಮೇಲೆ ಬಚ್ಚಲ ಬಾಗಿಲು ಸರಿಮಾಡಲು ಹೋದಾಗ ಅಮ್ಮ ಹೇಳಿದರು, "ನಮ್ಮ ಹುಡುಗಿ ಜೆ.ಪಿ. ನಗರದಲ್ಲಿ ಫ್ಲಾಟ್ ತಗೊಂಡ್ಳು ಕಣಪ್ಪ. ಮೂರು ರೂಮು. ಮರದ ಕೆಲಸವೇ ಎರಡು ತಿಂಗಳು ಆಗುತ್ತಂತೆ." ಹುಡುಗಿ ಅಂದರೆ ಅವರ ಮಗಳು, ಹಲ್ಲಿನ ಡಾಕ್ಟರು, ಜಯನಗರದಲ್ಲಿ ಕ್ಲಿನಿಕ್ಕು.

"ಒಳ್ಳೇದಾಯ್ತಮ್ಮ" ಅಂದೆ. ಮುಂದಕ್ಕೆ ಒಂದು ಮಾತೂ ಆಡಲಿಲ್ಲ. ಕೆಲಸ ಕೊಡಿ ಅಂತ ಬಾಯಿಬಿಟ್ಟು ಕೇಳಿದವನಲ್ಲ ನಾನು. ಕೇಳಿದರೆ ಬೆಲೆ ಇರಲ್ಲ. ಹನ್ನೆರಡು ವರ್ಷ ನೋಡಿದ್ದಾರೆ, ನನ್ನೆದುರಿಗೆ ಆ ಮಾತು ಎತ್ತಿದ್ದಾರೆ, ಅಂದರೆ ನನಗೇ ಅಂತಲೇ ಅರ್ಥ. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅಂಜನಾಪುರದಲ್ಲಿ ನನ್ನ ಶೆಡ್ಡಿನ ಪಕ್ಕದ ಟೀ ಅಂಗಡಿಯವನಿಗೂ ಹೇಳಿದೆ. ಹೇಳಬಾರದಿತ್ತು. ಆಮೇಲೆ ಟೀಗೆ ಹೋದಾಗಲೆಲ್ಲ, "ಏನಣ್ಣ, ಜೆ.ಪಿ. ನಗರ ಎಲ್ಲಿಗೆ ಬಂತು? ನಮ್ಮನ್ನೆಲ್ಲ ಮರೆತುಬಿಡಬೇಡಿ ಮತ್ತೆ" ಅಂತ ಶುರು ಮಾಡುತ್ತಿದ್ದ.

ಎರಡು ತಿಂಗಳಾದ ಮೇಲೆ ಮಗಳೇ ಫೋನ್ ಮಾಡಿದರು. ಸ್ವಲ್ಪ ಕೆಲಸ ಇದೆ, ಫ್ಲಾಟಿಗೆ ಬರ್ತೀರಾ ಅಂತ. ಹೊಸ ಟೇಪು, ಹೊಸ ನೋಟ್ ಪುಸ್ತಕ ತೆಗೆದುಕೊಂಡೆ. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡೆ.

ಲಿಫ್ಟಿನಿಂದ ಇಳಿದಾಗಲೇ ಗರಗಸದ ಮಿಷನ್ ಸದ್ದು ಕೇಳಿತು. ಒಳಗೆ ಆರು ಜನ ಕೆಲಸ ಮಾಡುತ್ತಿದ್ದರು. ಅಡುಗೆಮನೆಯ ಅರ್ಧ ಆಗಲೇ ಎದ್ದು ನಿಂತಿತ್ತು. ನಡುಮನೆಯಲ್ಲಿ ಪ್ಲೈವುಡ್ ರಾಶಿಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನಿಂತಿದ್ದವನು ತಿರುಗಿ ನೋಡಿದ. ಅವನೇ. ಮೇಸ್ತ್ರಿ ಹತ್ತಿರ ನನ್ನ ಜೊತೆ ಇದ್ದವನು.

"ಏನ್ ಗುರು! ನೀನಿಲ್ಲಿ?" ಅಂದ. ತಬ್ಬಿಕೊಂಡುಬಿಟ್ಟ. ಮೈಯಿಂದ ಸೆಂಟಿನ ವಾಸನೆ. ಮರಗೆಲಸದವನ ಮೈಯಲ್ಲಿ ಮರದ ಧೂಳು ಇರಬೇಕು.

ಮಗಳು ಮೇಡಂ ಬಂದರು. ಅವನಿಗೆ ನನ್ನ ಪರಿಚಯ ಮಾಡಿಕೊಟ್ಟರು. "ಇವರು ನಮ್ಮಮ್ಮನ ಗೊಂಬೆ ಮೆಟ್ಟಿಲು ಕಾರ್ಪೆಂಟರ್." ಆಮೇಲೆ ನನ್ನ ಕಡೆ ತಿರುಗಿ, "ಈ ಇಂಟೀರಿಯರ್ ಸಾರ್ ಕರ್ಟನ್ ರಾಡು, ಫೋಟೋ ಎಲ್ಲ ಹಾಕಲ್ಲ. ಅದಕ್ಕೆ ನಿಮಗೆ ಹೇಳಿದೆ. ಐದು ಕಿಟಕಿ ಇದೆ" ಅಂದರು.

ನಾನು ಡ್ರಿಲ್ಲು ತಂದಿರಲಿಲ್ಲ. ಟೇಪು ತಂದಿದ್ದೆ. ಅವನ ಡ್ರಿಲ್ಲನ್ನೇ ಕೇಳಿ ಇಸಕೊಂಡು ಐದು ಕಿಟಕಿಗೂ ರಾಡು ಹಾಕಿದೆ. ಏಣಿಯ ಮೇಲೆ ನಿಂತಾಗ ಅಡುಗೆಮನೆ ಪೂರ್ತಿ ಕಾಣುತ್ತಿತ್ತು. ಕಪಾಟಿನ ಮೂಲೆಗಳನ್ನು ಒಂದೊಂದಾಗಿ ನೋಡಿದೆ. ಎರಡು ಕಡೆ ಸಂದು ಕಂಡಿತು. ಅದರ ಮೇಲೆ ಬಿಳಿ ಪಟ್ಟಿ ಅಂಟಿಸಿ ಮುಚ್ಚುತ್ತಾರೆ, ಯಾರಿಗೂ ಗೊತ್ತಾಗುವುದಿಲ್ಲ. ನನಗೆ ಮಾತ್ರ ಗೊತ್ತು. ಆ ಸಂದು ನೋಡಿ ಸಮಾಧಾನವಾಗಬೇಕಿತ್ತು. ಇನ್ನೂ ಉರಿಯಿತು.

ಇಳಿದ ಮೇಲೆ ಅವನು ಟೀ ತರಿಸಿದ. ಕೇಳಬಾರದು ಅಂದುಕೊಂಡೇ ಕೇಳಿದೆ, "ಇವರು ನಿನಗೆ ಹೆಂಗೆ ಪರಿಚಯ?"

"ಅಯ್ಯೋ, ಸಖತ್ ತಮಾಷೆ ಗುರು. ಇವರ ಕ್ಲಿನಿಕ್ಕಲ್ಲಿ ಟೇಬಲ್ಲಿನ ಒಂದು ಡ್ರಾ ಸಿಕ್ಕಾಕೊಂಡಿತ್ತು. ಯಾರೋ ನನ್ನ ನಂಬರ್ ಕೊಟ್ರು. ಹೋಗಿ ಬಿಡಿಸಿಕೊಟ್ಟೆ. ಒಂದು ವಾರ ಬಿಟ್ಟು ಆ ಕಡೆ ಹೋದಾಗ ಮತ್ತೆ ಒಳಗೆ ಹೋಗಿ, ಡ್ರಾ ಚೆನ್ನಾಗಿ ಓಡ್ತಿದೆಯಾ ಮೇಡಂ ಅಂತ ಕೇಳಿದೆ. ಆಮೇಲೆ ಹಬ್ಬಕ್ಕೊಂದು ಮೆಸೇಜು, ಹೊಸ ಕೆಲಸ ಮಾಡಿದಾಗ ಫೋಟೋ. ಫ್ಲಾಟ್ ತಗೊಂಡ್ರು ಅಂತ ಗೊತ್ತಾಯ್ತು, ಕೆಲಸ ನಂಗೇ ಕೊಡಿ ಮೇಡಂ ಅಂದೆ. ಕೊಟ್ರು."

"ಒಂದು ಡ್ರಾ?"

"ಒಂದೇ ಡ್ರಾ ಮಗಾ."

ನನಗೆ ಹನ್ನೆರಡು ವರ್ಷ. ಅವನಿಗೆ ಒಂದು ಡ್ರಾ. ಚಿಕ್ಕ ಕೆಲಸದಿಂದ ದೊಡ್ಡ ಕೆಲಸ ಬರುತ್ತದೆ ಅಂತ ಮೇಸ್ತ್ರಿ ಹೇಳಿದ್ದು ಸುಳ್ಳಾಗಿದ್ದರೆ ಅತ್ತು ಸುಮ್ಮನಾಗಬಹುದಿತ್ತು. ನಿಜವಾಗಿತ್ತು, ಅವನ ಪಾಲಿಗೆ. ಸ್ಕೂಟರ್ ಓಡಿಸುತ್ತಾ ಸಾರಕ್ಕಿ ಸಿಗ್ನಲ್ಲಿನಲ್ಲಿ ನಿಂತಾಗ ನೆನಪಾಯಿತು: ಆ ಮನೆಯ ಅಮ್ಮ ನನ್ನನ್ನು ನೀನು ಅನ್ನುತ್ತಾರೆ. ಇಷ್ಟು ವರ್ಷ ಅದು ಸಲುಗೆ ಅಂದುಕೊಂಡಿದ್ದೆ. ಅವನಿಗೆ ಮಗಳು ಸಾರ್ ಅಂದರು.

ಅದಾದ ಮೇಲೆ ನನಗೆ ಹಿಡಿದ ಹುಚ್ಚು ಬರೆಯಲು ನಾಚಿಕೆಯಾಗುತ್ತದೆ. ಅವನ ಫೋನಿನ ಸ್ಟೇಟಸ್ ನೋಡುವುದೇ ಕೆಲಸವಾಯಿತು. ಇವತ್ತು ಪೂಜಾ ರೂಮಿನ ಬಾಗಿಲು, ನಾಳೆ ಮಂಚ. ಗಂಟೆ ಸಾಲು ಕಟ್ಟಿದ ಆ ಬಾಗಿಲಿನ ಫೋಟೋ ಹಾಕಿದ ದಿನ ಊಟ ಸೇರಲಿಲ್ಲ. "ಅವನ ಸ್ಟೇಟಸ್ ನೋಡಬೇಡಿ ಅಂದ್ರೆ ಕೇಳಲ್ಲ, ನೋಡಿ ನನ್ನ ಮೇಲೆ ಹಾರಾಡ್ತೀರ" ಅಂತ ಹೆಂಡತಿ ಬೈದಳು.

ನವರಾತ್ರಿ ಹತ್ತಿರ ಬಂತು. ಲೆಕ್ಕಕ್ಕೆ ಸರಿಯಾಗಿ ಅಮಾವಾಸ್ಯೆಗೆ ಎರಡು ದಿನ ಮುಂಚೆ ಫೋನು.

"ಯಾವಾಗ ಬರ್ತೀಯಪ್ಪ?"

"ಇಲ್ಲಮ್ಮ, ಮೈಸೂರಲ್ಲಿದೀನಿ. ದೊಡ್ಡ ಸೈಟು. ಹದಿನೈದು ದಿನ ಆಗುತ್ತೆ." ಹೇಳುವಾಗ ನಾನು ನನ್ನ ಶೆಡ್ಡಿನಲ್ಲೇ ಕೂತಿದ್ದೆ. "ಮೇಡಂ ಮನೆಗೆ ಕೆಲಸ ಮಾಡಿದ್ರಲ್ಲ, ಅವರನ್ನೇ ಕರೀರಿ."

"ಹೌದಾ? ಆಗಲಿ ಬಿಡಪ್ಪ" ಅಂದರು. ಇಟ್ಟುಬಿಟ್ಟರು.

ನನಗೆ ಒಳಗೊಳಗೇ ಖುಷಿ. ಒಂಬತ್ತು ಹಲಗೆ, ಒಂಬತ್ತು ಗುರುತು. ಲ್ಯಾಪ್‌ಟಾಪ್ ಇಟ್ಟುಕೊಂಡು ಜೋಡಿಸಲಿ. ಅರ್ಧ ದಿನ ಒದ್ದಾಡಿ ನನಗೇ ಫೋನ್ ಮಾಡುತ್ತಾನೆ. ಆಗ ಏನು ಹೇಳಬೇಕು ಅಂತಲೂ ಯೋಚಿಸಿ ಇಟ್ಟುಕೊಂಡಿದ್ದೆ. "ಯಾಕೆ ಸಾರ್, ಆಗ್ಲಿಲ್ವಾ?" ಅಂತ ಕೇಳುವುದು. ಅಮಾವಾಸ್ಯೆಯ ದಿನ ಫೋನು ಮುಂದಿಟ್ಟುಕೊಂಡು ಕೂತೆ. ಹೆಂಡತಿ ಹೇಳಿದಳು ಅಂತ ಗಾಂಧಿಬಜಾರಿಗೆ ಹೂವು ತರಲು ಹೋಗಿ ಬಂದೆ. ಫೋನು ಬರಲಿಲ್ಲ.

ನವರಾತ್ರಿಯ ಮೂರನೇ ದಿನ ಸಂಜೆ ಹೆಂಡತಿ ಅರಿಶಿನ ಕುಂಕುಮಕ್ಕೆ ಹೊರಟಳು. ಬಿಟ್ಟು ಬರುತ್ತೇನೆ ಅಂತ ನಾನೂ ಹೋದೆ. ಗೇಟಿನಲ್ಲೇ ನಿಲ್ಲುವ ಯೋಚನೆ. ಆದರೆ ಯಜಮಾನರು ಹೊರಗೇ ಕೂತಿದ್ದರು. "ಓಹೋ, ಬನ್ನಿ ಬನ್ನಿ. ಅಮಾವಾಸ್ಯೆ ದಿನ ಗಾಂಧಿಬಜಾರಲ್ಲಿ ಕೈ ಬೀಸಿದೆ, ನೀವು ನೋಡಲೇ ಇಲ್ಲ" ಅಂದರು.

ಒಳಗೆ ಹೋಗಲೇಬೇಕಾಯಿತು. ಒಂಬತ್ತು ಮೆಟ್ಟಿಲೂ ನಿಂತಿತ್ತು. ಬಿಳಿ ಪಂಚೆ, ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆ, ಕೆಳಗೆ ಶೆಟ್ಟಿ ಅಂಗಡಿ, ಪಾರ್ಕು, ಎಲ್ಲ ಎಂದಿನ ಹಾಗೇ. ಯಾರೂ ನೋಡದಾಗ ಮೂರನೇ ಮೆಟ್ಟಿಲ ಅಂಚು ಹಿಡಿದು ಅಲ್ಲಾಡಿಸಿದೆ. ಅಲ್ಲಾಡಲಿಲ್ಲ.

"ಮೈಸೂರಿಂದ ಯಾವಾಗ ಬಂದೆಯಪ್ಪ?" ಅಂದರು ಅಮ್ಮ, ಹೆಂಡತಿಗೆ ಕುಂಕುಮದ ಬಟ್ಟಲು ಹಿಡಿಯುತ್ತಾ.

ನಾನು ಬಾಯಿ ತೆಗೆಯುವುದಕ್ಕೆ ಮುಂಚೆ ನನ್ನ ಹೆಂಡತಿ, "ಮೈಸೂರಾ? ಯಾವ ಮೈಸೂರಮ್ಮ? ಇವರು ಶೆಡ್ಡು ಬಿಟ್ಟು ಎಲ್ಲೂ ಹೋಗಿಲ್ಲವಲ್ಲ" ಅಂದಳು.

ಅಮ್ಮ ಕುಂಕುಮದ ಬಟ್ಟಲು ಕೆಳಗಿಟ್ಟರು. ಉಸಲಿಯ ತಟ್ಟೆ ತಂದು ಕೊಟ್ಟರು. ತಟ್ಟೆಯ ಅಂಚು ಹಿಡಿದುಕೊಂಡು ಕೇಳಿಯೇಬಿಟ್ಟೆ, "ಹೇಗೆ ಜೋಡಿಸಿದನಮ್ಮ ಅವನು?"

"ಪಾಪ, ಅವರಿಗೇನು ಗೊತ್ತು. ಒಂದು ಗಂಟೆ ಅದಲು ಬದಲು ಮಾಡ್ತಾ ಇದ್ರು. ಆಮೇಲೆ ನಾನೇ ನನ್ನ ಪುಸ್ತಕ ತಂದೆ." ದೇವರ ಮನೆಯ ಗೂಡಿನಿಂದ ಒಂದು ಹಳೇ ನೋಟ್ ಪುಸ್ತಕ ತಂದು ತೋರಿಸಿದರು. ಟೀಚರಮ್ಮನ ದುಂಡು ಅಕ್ಷರ. ಗೊಂಬೆಗಳ ಪಟ್ಟಿ, ಯಾವ ಗೊಂಬೆ ಯಾವ ಮೆಟ್ಟಿಲು ಅಂತ. ಅದರ ಹಿಂದಿನ ಹಾಳೆಯಲ್ಲಿ ನನ್ನ ಗುರುತುಗಳು ಸಾಲಾಗಿ. ಅರ್ಧಚಂದ್ರ, ಮೇಲಿಂದ ಎರಡನೇದು. ಕೋಳಿ ಕಾಲು, ಮೇಲಿಂದ ಆರನೇದು. ಉಗುರಿನಷ್ಟು ಚಿಕ್ಕದಾಗಿ ಕೋಳಿ ಕಾಲಿನ ಚಿತ್ರವನ್ನೂ ಬರೆದಿದ್ದರು.

"ಇದು ಯಾವಾಗ ಬರೆದ್ರಿ?"

"ನೀನು ಮೊದಲನೇ ಸಲ ಕಟ್ಟಿದಾಗಲೇ. ನಾಳೆ ನೀನು ಊರಲ್ಲಿ ಇಲ್ಲದೇ ಹೋದ್ರೆ ಬೇಕಾಗುತ್ತಲ್ಲ."

"ಮತ್ತೆ ಪ್ರತಿ ವರ್ಷ ನನ್ನನ್ನೇ ಯಾಕೆ ಕರೀತಿದ್ರಿ?"

"ಯಾರಾದ್ರೂ ಬೇಕಲ್ಲಪ್ಪ. ನನಗೆ ಮಂಡಿ ಬಗ್ಗಲ್ಲ. ಇವರಿಗೆ ಸ್ಪ್ಯಾನರ್ ಹಿಡಿಯೋದು ಯಾವ ಕಡೆ ಅಂತ ಗೊತ್ತಿಲ್ಲ."

ಹೊರಗಿನಿಂದ ಯಜಮಾನರು, "ಕೇಳಿಸ್ತು" ಅಂದರು.

ಎಲ್ಲರೂ ನಕ್ಕರು. ನಾನೂ ನಕ್ಕೆ. ಗುಟ್ಟು ಅಂತ ಹನ್ನೆರಡು ವರ್ಷ ಹೊತ್ತುಕೊಂಡಿದ್ದದ್ದು ಅವರ ಗೂಡಿನಲ್ಲಿ ಊದುಬತ್ತಿ ಪೊಟ್ಟಣದ ಪಕ್ಕ ಬಿದ್ದಿತ್ತು.

ವಿಜಯದಶಮಿ ಕಳೆಯಿತು. ಬಿಚ್ಚಲು ಫೋನು ಬರಲಿಲ್ಲ. ಒಂದು ದಿನ, ಎರಡು ದಿನ. ಸುಳ್ಳು ಹೇಳಿದವನನ್ನು ಯಾಕೆ ಕರೆಯುತ್ತಾರೆ ಅಂತ ನನಗೆ ನಾನೇ ಹೇಳಿಕೊಂಡೆ. ದೊಡ್ಡ ಕೆಲಸ ಹೋಗಿದ್ದಕ್ಕೆ ಅಷ್ಟು ಉರಿದುಕೊಂಡವನು, ಈಗ ಈ ಅರ್ಧ ದಿನದ ಕೆಲಸವೂ ಹೋಯಿತಲ್ಲ ಅಂತ ಅನ್ನಿಸಿದಾಗ ಉರಿಯಲಿಲ್ಲ, ಹೆದರಿದೆ. ಮೂರನೇ ದಿನ ಬೆಳಿಗ್ಗೆ ಫೋನು ಬಂತು. ಅವನದು.

"ಗುರು, ತ್ಯಾಗರಾಜನಗರದ ಅಮ್ಮ ಮೆಟ್ಟಿಲು ಬಿಚ್ಚಕ್ಕೆ ಕರೀತಿದಾರೆ. ನಂಗೆ ಬಿಟಿಎಂನಲ್ಲಿ ಎರಡು ಸೈಟ್ ನಡೀತಿದೆ ಮಗಾ, ಕೈ ಬಿಡುವಿಲ್ಲ. ನೀನು ಹೋಗ್ತೀಯಾ?"

ನನ್ನ ಕೆಲಸವನ್ನು ಅವನು ನನಗೆ ದಾನ ಮಾಡುತ್ತಿದ್ದ. ಫೋನು ಗೋಡೆಗೆ ಎಸೆಯಬೇಕು ಅನ್ನಿಸಿತು. "ಅವರು ನನ್ನ ಕರೀಲಿ ಅಂದ್ರಾ?" ಅಂದೆ.

"ಹಂಗೇನೂ ಅನ್ನಲಿಲ್ಲ. ಯಾರಾದ್ರೂ ಬರಲಿ ಅಂದ್ರು."

"ಹೋಗ್ತೀನಿ" ಅಂದೆ.

ಗೊಂಬೆಗಳೆಲ್ಲ ಆಗಲೇ ಪೆಟ್ಟಿಗೆ ಸೇರಿದ್ದವು. ಅಮ್ಮ ಎಂದಿನ ಕುರ್ಚಿಯಲ್ಲೇ ಕೂತಿದ್ದರು. ಪಂಚೆ ಎತ್ತಿ ಒಂದೊಂದೇ ಬೋಲ್ಟು ಬಿಚ್ಚಿದೆ. ಹಲಗೆ ತಿರುಗಿಸಿ ನೋಡಿದರೆ ನನ್ನ ಗುರುತಿನ ಪಕ್ಕದಲ್ಲಿ ಅವನು ಕಪ್ಪು ಮಾರ್ಕರಿನಿಂದ ಒಂದು, ಎರಡು, ಮೂರು ಅಂತ ಬರೆದಿದ್ದ. ದೊಡ್ಡ ದೊಡ್ಡ ಅಂಕಿ. ಇನ್ನು ಮೇಲೆ ಯಾರು ಬೇಕಾದರೂ ಜೋಡಿಸಬಹುದು. ಆರನೇ ಹಲಗೆಯಲ್ಲಿ ತೂತು ಅಗಲ ಮಾಡಿದ್ದ. ಹೊನ್ನೆ ಮರ ಅಂಚಿನಲ್ಲಿ ಸೀಳಿಹೋಗಿತ್ತು.

"ನೋಡಿ ಅಮ್ಮ" ಅಂದೆ, ಎತ್ತಿ ಹಿಡಿದು. ಇಷ್ಟು ತಿಂಗಳ ಉರಿಯೆಲ್ಲ ಆ ಒಂದು ತೂತಿನಲ್ಲಿ ಬಂದು ನಿಂತಿತ್ತು. "ಇದು ಅವನ ಕೆಲಸ."

"ಅದಾ? ನಾನೇ ಹೇಳಿದ್ದು ಕಣಪ್ಪ. ಪುಸ್ತಕ ತರೋಕೆ ಮುಂಚೆ ಬೋಲ್ಟು ಹೋಗ್ತಿರಲಿಲ್ಲ. ಸ್ವಲ್ಪ ದೊಡ್ಡದು ಮಾಡಿ ಅಂದೆ."

ಹಲಗೆ ಕೆಳಗಿಟ್ಟೆ. ಚೀಲದಿಂದ ಮರದ ಚೂರು ತೆಗೆದು, ಕೆತ್ತಿ, ಅಂಟು ಹಚ್ಚಿ ತೂತು ಮುಚ್ಚಿದೆ. ಹೊಸ ತೂತು ಅದರ ಹಳೇ ಜಾಗಕ್ಕೇ ಸರಿಯಾಗಿ ಕೊರೆದೆ. ಯಾರೂ ಹೇಳಿರಲಿಲ್ಲ. ಅಮ್ಮ ನೋಡುತ್ತಾ ಕೂತಿದ್ದರು. ಕೈಯಲ್ಲಿ ಕೆಲಸ ಇದ್ದದ್ದರಿಂದ, ಅವರ ಮುಖ ನೋಡಬೇಕಾಗಿಲ್ಲದ್ದರಿಂದ, ಬಾಯಿಂದ ಮಾತು ಬಂತು.

"ಅಮ್ಮ, ಮೇಡಂ ಫ್ಲಾಟಿನ ಕೆಲಸ ನನಗೆ ಯಾಕೆ ಹೇಳಲಿಲ್ಲ?"

"ನೀನು ಕೇಳಲೇ ಇಲ್ಲವಲ್ಲಪ್ಪ! ನಾನು ಮಾತು ಎತ್ತಿದೆ, ಒಳ್ಳೇದಾಯ್ತಮ್ಮ ಅಂತ ಬಾಗಿಲು ಸರಿಮಾಡಿ ಹೊರಟುಹೋದೆ. ದೊಡ್ಡ ಕೆಲಸ ಮಾಡ್ತೀಯ ಅಂತ ನನಗೆ ಹೇಗೆ ಗೊತ್ತಾಗಬೇಕು? ಇಷ್ಟು ವರ್ಷದಲ್ಲಿ ಒಂದು ಸಲನಾದ್ರೂ ಹೇಳಿದೀಯಾ?"

ಹೇಳಿರಲಿಲ್ಲ. ನೋಡಿ ತಿಳಿದುಕೊಳ್ಳಲಿ ಅಂತ ಇದ್ದೆ. ಅವರು ನೋಡಿದ್ದು ಒಂಬತ್ತು ಮೆಟ್ಟಿಲು, ಐವತ್ತು ಚಿಲಕ, ಕೀಲು.

"ಮಾಡ್ತೀನಮ್ಮ" ಅಂದೆ. "ಕಿಚನ್ನು, ವಾರ್ಡ್‌ರೋಬು, ಎಲ್ಲ ಮಾಡ್ತೀನಿ. ಯಾರಾದ್ರೂ ಮಾಡಿಸೋರು ಇದ್ರೆ ನನಗೆ ಹೇಳಿ." ನಲವತ್ತು ದಾಟಿದ ಮೇಲೆ ಮೊದಲನೇ ಸಲ ಆಡಿದ ಮಾತು. 

"ಎದುರು ಮನೆಯವರು ಅಡುಗೆಮನೆ ಒಡೆಸ್ತಾರಂತೆ. ಕೇಳಿ ನೋಡ್ತೀನಿ" ಅಂದರು. ಹೇಳುತ್ತೇನೆ ಅನ್ನಲಿಲ್ಲ, ಕೇಳಿ ನೋಡುತ್ತೇನೆ ಅಂದರು. ಹಲಗೆಗಳನ್ನು ಅಟ್ಟಕ್ಕೆ ಏರಿಸಿ ಇಳಿದೆ. ಅಮ್ಮ ಗೇಟಿನವರೆಗೂ ಬಂದು, "ಮುಂದಿನ ವರ್ಷ ಬರ್ತೀಯೋ, ಇಲ್ಲ ಮೈಸೂರಿಗೆ ಹೋಗ್ತೀಯೋ?" ಅಂದರು.

"ಬರ್ತೀನಮ್ಮ."

ಅವನ ಸ್ಟೇಟಸ್ ಈಗಲೂ ನೋಡುತ್ತೇನೆ. ಈಗಲೂ ಉರಿಯುತ್ತದೆ. ಆ ದಿನದಿಂದ ಅದು ಕಡಿಮೆಯಾಯಿತು ಅಂತ ಬರೆದರೆ ಸುಳ್ಳಾಗುತ್ತದೆ, ಒಂದು ಸುಳ್ಳಿಗೆ ಪಟ್ಟ ಪಾಡೇ ಸಾಕು.

ಇವತ್ತಿಗೆ ನನ್ನ ಹತ್ತಿರ ಇರುವುದು ಇಷ್ಟು. ಅಂಜನಾಪುರದಲ್ಲಿ ಬಾಡಿಗೆ ಶೆಡ್ಡು ಒಂದು. ಸ್ಕೂಟರ್ ಒಂದು. ಡ್ರಿಲ್ಲು ಎರಡು, ಗರಗಸದ ಮಿಷನ್ ಒಂದು, ಮೇಸ್ತ್ರಿ ಕೊಟ್ಟ ಉಳಿ ನಾಲ್ಕು. ಬೇಕಾದಾಗ ಫೋನ್ ಮಾಡಿ ಕರೆಯುವ ಮನೆ ಮೂವತ್ತೊಂದು. ಅದರಲ್ಲಿ ಹತ್ತು ವರ್ಷ ದಾಟಿದ್ದು ಏಳು. ಗೊಂಬೆ ಮೆಟ್ಟಿಲು ಕಟ್ಟುವ ಮನೆ ನಾಲ್ಕು. ನಾನೇ ಪೂರ್ತಿ ಮಾಡಿದ ಅಡುಗೆಮನೆ ಒಂದೂ ಇಲ್ಲ. ಬಾಯಿಬಿಟ್ಟು ಕೇಳಿದ ಮನೆ ಒಂದು.